ಗೋದಾವರಿಗೆ ಒಡ್ಡು ಕಟ್ಟಿದ ಸೇನಾನಿ ಸರ್ ಆರ್ಥರ್ ಕಾಟನ್

ಪ್ರತಿ ವರ್ಷ ಮೇ 15ರಂದು ಆಂಧ್ರಪ್ರದೇಶದ ಗೋದಾವರಿ ತೀರದ ಊರುಗಳಲ್ಲಿ ರೈತರು ಒಬ್ಬ ಆಂಗ್ಲ ಅಧಿಕಾರಿಯ ಪ್ರತಿಮೆಗೆ ಮಾಲೆ ಹಾಕುತ್ತಾರೆ. ಸ್ವಾತಂತ್ರ್ಯಾನಂತರ ಬ್ರಿಟಿಷ್ ಅಧಿಕಾರಿಗಳ ಪ್ರತಿಮೆಗಳನ್ನು ತೆರವುಗೊಳಿಸಿದ ದೇಶದಲ್ಲಿ ಇದೊಂದು ಅಪರೂಪದ ದೃಶ್ಯ. ಇಲ್ಲಿ ಪ್ರತಿಮೆಗಳನ್ನು ತೆಗೆಯುವುದಿರಲಿ, ಹೊಸದಾಗಿ ನಿಲ್ಲಿಸಲಾಗಿದೆ. ಹೈದರಾಬಾದ್‌ನ ಟ್ಯಾಂಕ್‌ಬಂಡ್ ಮೇಲೆ ತೆಲುಗು ನಾಡಿನ ಮಹನೀಯರ ಸಾಲಿನಲ್ಲಿಯೂ ಅವರಿಗೆ ಸ್ಥಾನ ದೊರೆತಿದೆ. ಆ ಅಧಿಕಾರಿಯೇ ಜನರಲ್ ಸರ್ ಆರ್ಥರ್ ಥಾಮಸ್ ಕಾಟನ್.

ಕಾಟನ್ ವೃತ್ತಿಯಿಂದ ಸೈನಿಕರು, ಪ್ರವೃತ್ತಿಯಿಂದ ನೀರಾವರಿ ಎಂಜಿನಿಯರ್. ಕಾವೇರಿ, ಗೋದಾವರಿ, ಕೃಷ್ಣಾ ಈ ಮೂರೂ ನದಿಗಳ ಮುಖಜಭೂಮಿಯ ಇಂದಿನ ಸ್ವರೂಪದ ಹಿಂದೆ ಅವರ ಕೈವಾಡವಿದೆ. ತುಂಗಭದ್ರೆಗೆ ಜಲಾಶಯ ಕಟ್ಟುವ ಆಲೋಚನೆಯ ಆರಂಭವೂ ಅವರ ಹೆಸರಿನೊಂದಿಗೆ ತಳುಕು ಹಾಕಿಕೊಂಡಿದೆ. ಹಾಗಾಗಿ ಕರ್ನಾಟಕದ ನದಿ ನೀರಿನ ಇತಿಹಾಸವನ್ನು ಅರಿಯಬಯಸುವವರು ಈ ವ್ಯಕ್ತಿಯನ್ನು ದಾಟಿ ಮುಂದೆ ಹೋಗಲಾರರು.

ಹದಿನಾರರಲ್ಲಿ ಸೇನೆಗೆ

ಆರ್ಥರ್ ಕಾಟನ್ ಜನಿಸಿದ್ದು 1803ರ ಮೇ 15ರಂದು, ಇಂಗ್ಲೆಂಡ್‌ನಲ್ಲಿ. ತಂದೆ ಹೆನ್ರಿ ಕ್ಯಾಲ್ವಲಿ ಕಾಟನ್. ಅವರಿಗೆ ಹನ್ನೊಂದು ಗಂಡುಮಕ್ಕಳು, ಆರ್ಥರ್ ಹತ್ತನೆಯವರು. ಮನೆತನದಲ್ಲಿ ಸೇನಾ ಸೇವೆ ಹೊಸತಾಗಿರಲಿಲ್ಲ. ಸಹೋದರರ ಪೈಕಿ ಸಿಡ್ನಿ ಕಾಟನ್ ಭಾರತದ ವಾಯವ್ಯ ಗಡಿಯಲ್ಲಿ ಸೇನಾನಾಯಕರಾಗಿ ಹೆಸರು ಮಾಡಿದರು. ಫ್ರಾನ್ಸಿಸ್ ನೌಕಾಪಡೆಯಲ್ಲಿ ಅಡ್ಮಿರಲ್ ಆದರು. ಫ್ರೆಡರಿಕ್ ಕಾನ್ಯರ್ಸ್ ಕಾಟನ್ ಅಣ್ಣನಂತೆಯೇ ಮದ್ರಾಸಿನಲ್ಲಿ ಸೇನಾ ಎಂಜಿನಿಯರ್ ಆದರು.

ಈಸ್ಟ್ ಇಂಡಿಯಾ ಕಂಪನಿಯು ತನ್ನ ಸೇನಾಧಿಕಾರಿಗಳನ್ನು ತಯಾರು ಮಾಡಲು ಲಂಡನ್ ಬಳಿಯ ಆಡಿಸ್ಕಂಬ್‌ನಲ್ಲಿ ಶಾಲೆಯೊಂದನ್ನು ನಡೆಸುತ್ತಿತ್ತು. ಆರ್ಥರ್ ಅಲ್ಲಿ ವ್ಯಾಸಂಗ ಮುಗಿಸಿ 1819ರಲ್ಲಿ, ಹದಿನಾರರ ಹರೆಯದಲ್ಲಿ, ಮದ್ರಾಸ್ ಎಂಜಿನಿಯರ್ಸ್ ದಳಕ್ಕೆ ಸೆಕೆಂಡ್ ಲೆಫ್ಟಿನೆಂಟ್ ಆಗಿ ನೇಮಕಗೊಂಡರು. ಇಂದು ಬೆಂಗಳೂರಿನಲ್ಲಿ ನೆಲೆಯಿರುವ ಮದ್ರಾಸ್ ಎಂಜಿನಿಯರ್ ಗ್ರೂಪ್ ಆ ಪರಂಪರೆಯ ಮುಂದುವರಿಕೆ. ವೇಲ್ಸ್ ಪ್ರಾಂತ್ಯದಲ್ಲಿ ಕೆಲಕಾಲ ಭೂಮಾಪನದ ಅನುಭವ ಪಡೆದ ಬಳಿಕ ಅವರು 1821ರಲ್ಲಿ ಮದ್ರಾಸಿಗೆ ಬಂದಿಳಿದರು. ಆಗ ಅವರಿಗೆ ಹದಿನೆಂಟು ವರ್ಷ.

ಸೇನಾ ಎಂಜಿನಿಯರ್‌ಗಳ ಕೆಲಸ ಆ ಕಾಲದಲ್ಲಿ ಕೋಟೆ ಕೊತ್ತಲಗಳಿಗೆ ಸೀಮಿತವಾಗಿರಲಿಲ್ಲ. ರಸ್ತೆ, ಸೇತುವೆ, ಕೆರೆ, ಕಟ್ಟೆ ಎಲ್ಲವೂ ಅವರ ಪಾಲಿಗೆ ಬರುತ್ತಿದ್ದವು. ಕಾಟನ್ ಅವರಿಗೆ ಆರಂಭದಲ್ಲಿಯೇ ದಕ್ಷಿಣದ ಜಿಲ್ಲೆಗಳ ಕೆರೆಗಳ ಉಸ್ತುವಾರಿ ದೊರೆಯಿತು. ಭಾರತ ಮತ್ತು ಸಿಂಹಳದ ನಡುವಿನ ಪಂಬನ್ ಕಡಲ ಹಾದಿಯ ಸರ್ವೆಯನ್ನೂ ಅವರು ನಡೆಸಿದರು. ಅಷ್ಟರಲ್ಲಿ ಯುದ್ಧದ ಕರೆ ಬಂದಿತು.

1824ರಲ್ಲಿ ಆರಂಭವಾದ ಮೊದಲ ಬರ್ಮಾ ಯುದ್ಧದಲ್ಲಿ ಕಾಟನ್ ಕೊನೆಯವರೆಗೂ ಪಾಲ್ಗೊಂಡರು. ಮರದ ದಿಮ್ಮಿಗಳಿಂದ ಕಟ್ಟಿದ ಬರ್ಮಿಯರ ಕೋಟೆಗಳಿಗೆ ಲಗ್ಗೆ ಹಾಕುವ ತುಕಡಿಗಳನ್ನು ಅವರು ಮುನ್ನಡೆಸಿದರು. ಆ ಯುದ್ಧದಲ್ಲಿ ಗುಂಡಿಗಿಂತ ಹೆಚ್ಚು ಸೈನಿಕರನ್ನು ಬಲಿ ಪಡೆದದ್ದು ಜ್ವರ ಮತ್ತು ಭೇದಿ. 1826ರಲ್ಲಿ ಯಾಂಡಬೊ ಒಪ್ಪಂದದೊಂದಿಗೆ ಕದನ ಮುಗಿದಾಗ ಬದುಕಿ ಮರಳಿದವರಲ್ಲಿ ಕಾಟನ್ ಒಬ್ಬರು. 1828ರಲ್ಲಿ ಅವರಿಗೆ ಕ್ಯಾಪ್ಟನ್ ಪದವಿ ದೊರೆಯಿತು. ಅಲ್ಲಿಂದ ಮುಂದೆ ಅವರ ಎದುರಾಳಿಗಳು ನದಿ ಮತ್ತು ಬರ.

ಚೋಳರ ಒಡ್ಡು ಕಲಿಸಿದ ಪಾಠ

ಕಾವೇರಿಯು ಶ್ರೀರಂಗದ ಮೇಲ್ಭಾಗದಲ್ಲಿ ಎರಡಾಗಿ ಒಡೆಯುತ್ತದೆ. ದಕ್ಷಿಣದ ಕವಲು ಕಾವೇರಿಯಾಗಿಯೇ ಉಳಿದು ತಂಜಾವೂರಿನ ಗದ್ದೆಗಳಿಗೆ ನೀರುಣಿಸುತ್ತದೆ. ಉತ್ತರದ ಕವಲು ಕೊಳ್ಳಿಡಂ. ಇದರ ಪಾತ್ರ ತಗ್ಗಿನದು, ಹಾದಿ ನೇರವಾದುದು. ಹತ್ತೊಂಬತ್ತನೇ ಶತಮಾನದ ಆರಂಭದ ಹೊತ್ತಿಗೆ ಕಾವೇರಿ ಕವಲಿನಲ್ಲಿ ಮರಳು ತುಂಬುತ್ತ ಬಂದು, ನೀರು ಕೊಳ್ಳಿಡಂ ಮೂಲಕ ಕಡಲು ಸೇರತೊಡಗಿತ್ತು. ತಂಜಾವೂರಿನ ಕಾಲುವೆಗಳು ಒಣಗತೊಡಗಿದ್ದವು. ಹೂಳು ತೆಗೆಸುವುದಕ್ಕೆ ವರ್ಷವರ್ಷವೂ ಹಣ ಸುರಿದರೂ ಫಲವಿರಲಿಲ್ಲ.

ಈ ಸಮಸ್ಯೆಗೆ ಪರಿಹಾರ ಹುಡುಕುವ ಹೊಣೆ ಕಾಟನ್ ಅವರ ಮೇಲೆ ಬಿದ್ದಿತು. ಕಷ್ಟವಿದ್ದದ್ದು ಬುನಾದಿಯಲ್ಲಿ. ಮುಖಜಭೂಮಿಯ ನದಿಗಳ ತಳದಲ್ಲಿ ಬಂಡೆ ಸಿಗುವುದಿಲ್ಲ. ಎಷ್ಟು ಆಳ ಅಗೆದರೂ ಮರಳು. ಮರಳಿನ ಮೇಲೆ ಕಟ್ಟಿದ ಗೋಡೆಯ ಅಡಿಯನ್ನು ನೀರು ಕೊರೆದು ಉರುಳಿಸುತ್ತದೆ ಎಂಬುದು ಯುರೋಪಿನಲ್ಲಿ ಕಲಿತು ಬಂದ ಎಂಜಿನಿಯರ್‌ಗಳ ಭೀತಿಯಾಗಿತ್ತು. ಆದರೆ ಅದೇ ಕಾವೇರಿಯಲ್ಲಿ ಚೋಳ ದೊರೆ ಕರಿಕಾಲನ ಹೆಸರಿನೊಂದಿಗೆ ಬೆಸೆದ ಕಲ್ಲಣೈ ಶತಮಾನಗಳಿಂದ ನಿಂತಿತ್ತು. ಅದಕ್ಕೂ ಬಂಡೆಯ ಆಸರೆ ಇರಲಿಲ್ಲ. ದೊಡ್ಡ ಕಲ್ಲುಗಳನ್ನು ಮರಳಿನಲ್ಲಿ ಇಳಿಬಿಟ್ಟು, ಅವು ಇನ್ನು ಇಳಿಯದ ಹಂತಕ್ಕೆ ಬಂದಾಗ ಮೇಲೆ ಒಡ್ಡು ಕಟ್ಟುವುದು ಅದರ ಕ್ರಮ.

ಕಾಟನ್ ಅದನ್ನು ಸೂಕ್ಷ್ಮವಾಗಿ ಅಭ್ಯಾಸ ಮಾಡಿದರು. ನದಿಯನ್ನು ಎತ್ತರದ ಗೋಡೆಯಿಂದ ತಡೆಯಲು ಹೋಗಬಾರದು. ತಗ್ಗಾದ, ಅಗಲವಾದ ಒಡ್ಡು ಕಟ್ಟಿ ಪ್ರವಾಹವನ್ನು ಅದರ ಮೇಲೆ ಹರಿಯಗೊಡಬೇಕು. ನೀರು ಧುಮುಕುವ ಕಡೆ ಒರಟು ಕಲ್ಲುಗಳನ್ನು ಹಾಸಿ ತಳ ಕೊರೆಯದಂತೆ ಕಾಪಾಡಬೇಕು. ಇದು ಅವರು ಕಂಡುಕೊಂಡ ತತ್ವ. ತಮ್ಮ ಜ್ಞಾನದ ಮೂಲ ಇಲ್ಲಿನ ಹಳೆಯ ಕಾಮಗಾರಿಯೇ ಎಂಬುದನ್ನು ಅವರು ಮುಚ್ಚಿಡಲಿಲ್ಲ. ಇಲ್ಲಿನವರ ನೀರಿನ ವಿದ್ಯೆಯನ್ನು ಆಳುವವರು ಮರೆತದ್ದಕ್ಕೆ ಅವರು ಬಹಿರಂಗವಾಗಿಯೇ ನಾಚಿಕೆಪಟ್ಟರು.

1836ರ ಹೊತ್ತಿಗೆ ಕೊಳ್ಳಿಡಂಗೆ ಅಡ್ಡಲಾಗಿ ಮುಕ್ಕೊಂಬಿನಲ್ಲಿ ಮೇಲಣ ಅಣೆಕಟ್ಟು, ಅಣೈಕ್ಕರೈಯಲ್ಲಿ ಕೆಳಗಣ ಅಣೆಕಟ್ಟು ಎದ್ದು ನಿಂತವು. ತಂಜಾವೂರಿಗೆ ನೀರು ಮರಳಿತು. ಆದರೆ ಲೆಕ್ಕ ಪೂರ್ತಿ ಸರಿಹೋಗಲಿಲ್ಲ. ಕೆಲವೇ ವರ್ಷಗಳಲ್ಲಿ ಕಾವೇರಿ ಕವಲಿಗೆ ಅಗತ್ಯಕ್ಕಿಂತ ಹೆಚ್ಚು ನೀರು ನುಗ್ಗತೊಡಗಿತು. ಮೇಲಣ ಅಣೆಕಟ್ಟಿನ ಒಂದು ಭಾಗದ ಎತ್ತರ ತಗ್ಗಿಸಿ, ಕಾವೇರಿಗೂ ತಳಮಟ್ಟದ ತಡೆಗೋಡೆ ಕಟ್ಟಬೇಕಾಯಿತು. ನದಿಯನ್ನು ಒಂದೇ ಬಾರಿಗೆ ಪಳಗಿಸಲಾಗದು ಎಂಬ ಪಾಠವೂ ಇದರಲ್ಲಿತ್ತು. ಆ ಮೇಲಣ ಅಣೆಕಟ್ಟು 182 ವರ್ಷ ಬಾಳಿ, 2018ರ ಆಗಸ್ಟ್‌ನಲ್ಲಿ ಭಾರಿ ಹರಿವಿಗೆ ಸಿಲುಕಿ ಭಾಗಶಃ ಕುಸಿಯಿತು.

ಕರ್ನಾಟಕದ ದೃಷ್ಟಿಯಿಂದ ಈ ಕಾಮಗಾರಿಗೆ ಇನ್ನೊಂದು ಮುಖವಿದೆ. ಕೆಳಗಿನ ಮುಖಜಭೂಮಿಯಲ್ಲಿ ನೀರಿನ ಬಳಕೆ ಭದ್ರಗೊಂಡಷ್ಟೂ ಮೇಲಿನ ಮೈಸೂರು ಸಂಸ್ಥಾನದ ಕೈ ಕಟ್ಟಿತು. ತಂಜಾವೂರಿನ ಹಳೆಯ ನೀರಾವರಿಗೆ ಧಕ್ಕೆಯಾಗಬಾರದು ಎಂಬ ವಾದವನ್ನು ಮುಂದಿಟ್ಟೇ ಮದ್ರಾಸ್ ಸರ್ಕಾರವು 1892 ಮತ್ತು 1924ರ ಒಪ್ಪಂದಗಳನ್ನು ಮಾಡಿಕೊಂಡಿತು. ಕಾಟನ್ ಕಟ್ಟಿದ ಒಡ್ಡುಗಳ ನೆರಳು ಕಾವೇರಿ ವಿವಾದದ ಮೇಲೆ ಹೀಗೆ ಚಾಚಿಕೊಂಡಿದೆ.

ಹಳಿ ಹಾಕಿದವರೇ ಹಳಿಯ ಟೀಕಾಕಾರರು

ಕಾಟನ್ ಬದುಕಿನ ಒಂದು ವೈಚಿತ್ರ್ಯವನ್ನು ಇಲ್ಲಿಯೇ ಹೇಳಬೇಕು. ಮದ್ರಾಸಿನ ಬಳಿಯ ರೆಡ್ ಹಿಲ್ಸ್‌ನಿಂದ ರಸ್ತೆ ಕೆಲಸಕ್ಕೆ ಜಂಬಿಟ್ಟಿಗೆ ಕಲ್ಲು ಸಾಗಿಸಲು 1837ರಲ್ಲಿ ಒಂದು ಹಳಿಮಾರ್ಗ ಹಾಕಲಾಯಿತು. ಮುಂಬೈ–ಠಾಣೆ ನಡುವೆ ಪ್ರಯಾಣಿಕರ ರೈಲು ಓಡುವುದಕ್ಕಿಂತ 16 ವರ್ಷ ಮೊದಲಿನ ಮಾತಿದು. ಭಾರತದ ಮೊದಲ ಹಳಿಮಾರ್ಗ ಎನ್ನಲಾಗುವ ಇದನ್ನು ನಿರ್ಮಿಸಿದವರು ಕಾಟನ್. ಮುಂದೆ ರೈಲಿಗಾಗಿ ಸರ್ಕಾರ ಸುರಿಯುತ್ತಿದ್ದ ಹಣವನ್ನು ಅವರಷ್ಟು ಕಟುವಾಗಿ ಟೀಕಿಸಿದ ಎಂಜಿನಿಯರ್ ಇನ್ನೊಬ್ಬರಿರಲಿಲ್ಲ.

ನಿರಂತರ ದುಡಿಮೆ ಮತ್ತು ಜ್ವರದಿಂದ ಅವರ ದೇಹ ಬಳಲಿತ್ತು. ಚೇತರಿಕೆಗಾಗಿ ಅವರು ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪಕ್ಕೆ ತೆರಳಿದರು. ಸಹೋದರ ಹ್ಯೂ ಕಾಟನ್ ಕೂಡ ಆ ದ್ವೀಪದಲ್ಲಿ ಕೆಲಸ ಮಾಡಿದವರು. ಅಲ್ಲಿ ಪರಿಚಯವಾದ ಎಲಿಜಬೆತ್ ಲಿಯರ್‌ಮಂತ್ ಅವರನ್ನು ಕಾಟನ್ 1841ರ ಅಕ್ಟೋಬರ್ 29ರಂದು ವಿವಾಹವಾದರು. ಆಗ ಅವರಿಗೆ 38 ವರ್ಷ. ಮರುವರ್ಷ ಡಿಸೆಂಬರ್‌ನಲ್ಲಿ ಅದೇ ದ್ವೀಪದಲ್ಲಿ ಮಗಳು ಜನಿಸಿದಳು. ತಾಯಿಯ ಹೆಸರನ್ನೇ ಮಗಳಿಗೂ ಇಡಲಾಯಿತು. ಹೆಂಡತಿ ಮಕ್ಕಳೊಂದಿಗೆ ಭಾರತಕ್ಕೆ ಮರಳಿದ ಕಾಟನ್ ಅವರಿಗೆ ಮೊದಲು ದೊರೆತದ್ದು ವಿಶಾಖಪಟ್ಟಣದಲ್ಲಿ ಕಡಲ ಕೊರೆತ ತಡೆಯುವ ಕೆಲಸ. ಅದು ಮುಗಿಯುವ ಮುನ್ನವೇ ಗೋದಾವರಿ ಅವರನ್ನು ಕರೆಯಿತು.

ನೀರಿನ ದಡದಲ್ಲಿ ಹಸಿವು

1830ರ ದಶಕದ ಗೋದಾವರಿ ಸೀಮೆಯ ಸ್ಥಿತಿ ಘೋರವಾಗಿತ್ತು. 1832–33ರಲ್ಲಿ ಗುಂಟೂರು ಪ್ರದೇಶವನ್ನು ಕಾಡಿದ ಕ್ಷಾಮ ಗೋದಾವರಿ ಜಿಲ್ಲೆಯನ್ನೂ ಬಿಡಲಿಲ್ಲ. 1839ರಲ್ಲಿ ಕೋರಿಂಗ ತೀರಕ್ಕೆ ಅಪ್ಪಳಿಸಿದ ಚಂಡಮಾರುತದಲ್ಲಿ ಕಡಲು ಒಳನುಗ್ಗಿ ಊರುಗಳನ್ನು ನುಂಗಿತು. 1821ರಲ್ಲಿ 7.38 ಲಕ್ಷದಷ್ಟಿದ್ದ ರಾಜಮಂಡ್ರಿ ಜಿಲ್ಲೆಯ ಜನಸಂಖ್ಯೆ 1841ರ ವೇಳೆಗೆ 5.61 ಲಕ್ಷಕ್ಕೆ ಕುಸಿಯಿತು. ದಕ್ಷಿಣ ಭಾರತದ ಅತಿ ದೊಡ್ಡ ನದಿ ಊರ ಮುಂದೆಯೇ ಹರಿದು ಕಡಲು ಸೇರುತ್ತಿರುವಾಗ ದಡದಲ್ಲಿ ಜನ ಅನ್ನವಿಲ್ಲದೆ ಸಾಯುತ್ತಿದ್ದರು.

ಜಿಲ್ಲೆಯ ದುಸ್ಥಿತಿಯನ್ನು ವಿಚಾರಿಸಲು ಬಂದ ಹೆನ್ರಿ ಮಾಂಟ್‌ಗೊಮರಿ, ನದಿಯ ನೀರನ್ನು ಬಳಸದ ಹೊರತು ಉದ್ಧಾರವಿಲ್ಲ ಎಂದು 1844ರಲ್ಲಿ ವರದಿ ಮಾಡಿದರು. ಪರಿಶೀಲನೆಗೆ ನಿಯುಕ್ತರಾದ ಕಾಟನ್ ನದಿಯನ್ನು ಮೇಲಿಂದ ಕೆಳಗೆ ಸುತ್ತಾಡಿ ಜಾಗ ಗೊತ್ತು ಮಾಡಿದರು. ರಾಜಮಂಡ್ರಿಯ ಕೆಳಗೆ ಧವಳೇಶ್ವರಂ ಬಳಿ ಗೋದಾವರಿ ಸುಮಾರು ನಾಲ್ಕು ಮೈಲಿ ಅಗಲಕ್ಕೆ ಹರಡಿಕೊಳ್ಳುತ್ತದೆ. ನಡುವೆ ಲಂಕೆಗಳೆಂದು ಕರೆಯುವ ಮರಳು ದ್ವೀಪಗಳಿವೆ. ಅಗಲ ಹೆಚ್ಚಿದ್ದಷ್ಟೂ ಹರಿವಿನ ರಭಸ ಕಡಿಮೆ. ದ್ವೀಪಗಳಿರುವುದರಿಂದ ಕೆಲಸವನ್ನು ತುಂಡು ತುಂಡಾಗಿ ಮಾಡಬಹುದು. ಪಕ್ಕದ ಗುಡ್ಡದಲ್ಲಿ ಕಲ್ಲು ಸಿಗುತ್ತದೆ. ಇದು ಅವರ ಲೆಕ್ಕಾಚಾರ.

ಸುಮಾರು 4.75 ಲಕ್ಷ ರೂಪಾಯಿಗಳ ಅಂದಾಜಿಗೆ 1846ರ ಕೊನೆಯಲ್ಲಿ ಮಂಜೂರಾತಿ ಬಂದಿತು. 1847ರಲ್ಲಿ ಕೆಲಸ ಆರಂಭವಾಯಿತು. ಧವಳೇಶ್ವರಂ, ರ‍್ಯಾಲಿ, ಮದ್ದೂರು, ವಿಜ್ಜೇಶ್ವರಂ ಎಂಬ ನಾಲ್ಕು ಭಾಗಗಳಲ್ಲಿ, ಒಟ್ಟು ಸುಮಾರು 12 ಸಾವಿರ ಅಡಿ ಉದ್ದದ, 12 ಅಡಿ ಎತ್ತರದ ಒಡ್ಡು. ಗುಡ್ಡದಿಂದ ಕಲ್ಲು ತರಲು ಹಳಿ ಹಾಕಲಾಯಿತು. ಸುಮಾರು ಹತ್ತು ಸಾವಿರ ಮಂದಿ ನದಿಯ ಪಾತ್ರದಲ್ಲಿ ದುಡಿದರು. ಪ್ರವಾಹ ಬರುವ ಮುನ್ನ ಆ ವರ್ಷದ ಭಾಗ ಮುಗಿಯಬೇಕು. ಮುಗಿಯದಿದ್ದರೆ ಕಟ್ಟಿದ್ದೆಲ್ಲ ನೀರು ಪಾಲು. ಕೇಳಿದಷ್ಟು ಎಂಜಿನಿಯರ್‌ಗಳನ್ನು ಸರ್ಕಾರ ಕೊಡಲಿಲ್ಲ. ಅನುಭವವಿಲ್ಲದ ಹುಡುಗರನ್ನು ಕಟ್ಟಿಕೊಂಡು, ಅವರಿಗೆ ಕಲಿಸುತ್ತಲೇ ಕೆಲಸ ಮಾಡಿಸಬೇಕಾದ ಸ್ಥಿತಿ ಕಾಟನ್ ಅವರದಾಗಿತ್ತು.

ಈ ಕೊರತೆಯನ್ನು ತುಂಬಿದವರಲ್ಲಿ ಸ್ಥಳೀಯರಾದ ವೀಣಂ ವೀರಣ್ಣ ಪ್ರಮುಖರು. ಕೂಲಿಗಳನ್ನು ಕೂಡಿಸುವುದು, ಅವರಿಗೆ ಊಟ ವಸತಿ ಒದಗಿಸುವುದು, ಕೆಲಸದ ಮೇಲ್ವಿಚಾರಣೆ ಎಲ್ಲದರಲ್ಲಿಯೂ ವೀರಣ್ಣ ಕಾಟನ್ ಅವರ ಬಲಗೈಯಾಗಿದ್ದರು. ಸರ್ಕಾರ ಅವರಿಗೆ ರಾಯ್ ಬಹದ್ದೂರ್ ಬಿರುದು ನೀಡಿತು. ಕಾಟನ್ ಹೆಸರು ಹೇಳುವಾಗ ವೀರಣ್ಣನವರ ಹೆಸರನ್ನೂ ಸೇರಿಸಿ ಹೇಳುವ ರೂಢಿ ಗೋದಾವರಿ ತೀರದಲ್ಲಿದೆ.

ಪ್ರವಾಹ ಕಟ್ಟಿದ್ದನ್ನು ಕೆಡವಿದ ಸಂದರ್ಭಗಳೂ ಉಂಟು. 1848ರಲ್ಲಿ ಕಾಟನ್ ಆರೋಗ್ಯ ಸಂಪೂರ್ಣ ಕೆಟ್ಟಿತು. ಅವರು ಮತ್ತೆ ಆಸ್ಟ್ರೇಲಿಯಾದತ್ತ ಹೊರಡಬೇಕಾಯಿತು. ಕ್ಯಾಪ್ಟನ್ ಚಾರ್ಲ್ಸ್ ಓರ್ ಕೆಲಸ ವಹಿಸಿಕೊಂಡರು. 1850ರಲ್ಲಿ ಮರಳಿದ ಕಾಟನ್ ಮತ್ತೆ ಅದೇ ಮರಳಿನಲ್ಲಿ ನಿಂತರು. 1852ರಲ್ಲಿ ಒಡ್ಡು ಪೂರ್ಣಗೊಂಡಿತು. ಕಾಲುವೆಗಳ ಜಾಲ ಹರಡುತ್ತ ಹೋಯಿತು. ಕವಲೊಂದರ ಆಚೆಗೆ ನೀರು ದಾಟಿಸಲು ಗನ್ನವರಂನಲ್ಲಿ 49 ಕಮಾನುಗಳ ಮೇಲ್ಗಾಲುವೆಯನ್ನು ಯುವ ಅಧಿಕಾರಿ ಹೇಗ್ ಕಟ್ಟಿಸಿದರು.

ಖರ್ಚು ಅಂದಾಜನ್ನು ಮೀರಿತ್ತು. ಆದರೆ ಬಂದ ಫಲ ಅದನ್ನೂ ಮೀರಿಸಿತು. ಕಾಲುವೆಗಳು ಗದ್ದೆಗೆ ನೀರು ಕೊಟ್ಟವು, ದೋಣಿಗೆ ದಾರಿಯನ್ನೂ ಕೊಟ್ಟವು. ಬೆಳೆದ ಭತ್ತ ಅದೇ ನೀರಿನ ಮೇಲೆ ಪೇಟೆಗೆ ಸಾಗಿತು. ಜನ ಬಿಟ್ಟು ಹೋಗಿದ್ದ ಊರುಗಳು ತುಂಬಿದವು. ಕ್ಷಾಮದ ಜಿಲ್ಲೆ ಅನ್ನದ ಕಣಜವಾಯಿತು. ಇಂದು ಗೋದಾವರಿ ಮುಖಜಭೂಮಿಯಲ್ಲಿ ಸುಮಾರು 10 ಲಕ್ಷ ಎಕರೆಗೆ ನೀರು ದೊರೆಯುವುದು ಅದೇ ಜಾಗದಿಂದ. ಹಳೆಯ ಒಡ್ಡು ಶಿಥಿಲವಾದ ಬಳಿಕ ಪಕ್ಕದಲ್ಲಿಯೇ ಕಟ್ಟಿದ ಹೊಸ ಬ್ಯಾರೇಜ್ 1982ರಲ್ಲಿ ಪೂರ್ಣಗೊಂಡಿತು. ಅದಕ್ಕೂ ಕಾಟನ್ ಹೆಸರನ್ನೇ ಇಡಲಾಗಿದೆ. 1986ರ ಆಗಸ್ಟ್‌ನಲ್ಲಿ ಸುಮಾರು 35 ಲಕ್ಷ ಕ್ಯೂಸೆಕ್ ನೀರು ಅದರ ಮೇಲೆ ಹರಿದು ಹೋಯಿತು.

ಗೋದಾವರಿಯ ಕೆಲಸ ಮುಗಿಯುತ್ತಿದ್ದಂತೆ ಕೃಷ್ಣೆಯ ಸರದಿ ಬಂದಿತು. ಬೆಜವಾಡದಲ್ಲಿ, ಅಂದರೆ ಇಂದಿನ ವಿಜಯವಾಡದಲ್ಲಿ, 1852ರಲ್ಲಿ ಆರಂಭವಾದ ಅಣೆಕಟ್ಟನ್ನು ಓರ್ 1855ರಲ್ಲಿ ಪೂರ್ಣಗೊಳಿಸಿದರು. ಅದು 1952ರಲ್ಲಿ ಒಡೆದು, 1957ರಲ್ಲಿ ಪ್ರಕಾಶಂ ಬ್ಯಾರೇಜ್ ಅದರ ಸ್ಥಾನ ಪಡೆಯಿತು. ಬಚಾವತ್ ನ್ಯಾಯಮಂಡಳಿ 1973ರಲ್ಲಿ ಕೃಷ್ಣೆಯ ನೀರು ಹಂಚುವಾಗ ಈ ಮುಖಜಭೂಮಿಯ ಹಳೆಯ ಬಳಕೆ ಎಂದು 181.2 ಟಿಎಂಸಿ ಅಡಿಯನ್ನು ಮೊದಲೇ ಎತ್ತಿಟ್ಟಿತು. ಮೊದಲು ಕಟ್ಟಿದವರಿಗೆ ಮೊದಲ ಹಕ್ಕು ಎಂಬ ನೀತಿಯ ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದನ್ನು ಉತ್ತರ ಕರ್ನಾಟಕದ ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ತುಂಗಭದ್ರೆಯಲ್ಲಿ ಸೋಲು

ಕಾಟನ್ 1860ರಲ್ಲಿ ಸರ್ಕಾರಿ ಸೇವೆಯಿಂದ ನಿವೃತ್ತರಾಗಿ ಇಂಗ್ಲೆಂಡ್‌ಗೆ ಮರಳಿದರು. 1861ರಲ್ಲಿ ಅವರಿಗೆ ನೈಟ್ ಪದವಿ ದೊರೆಯಿತು. ಆದರೆ ಅವರ ಎಲ್ಲ ಯೋಜನೆಗಳೂ ಗೋದಾವರಿಯಂತೆ ಫಲಿಸಲಿಲ್ಲ.

ರಾಯಲಸೀಮೆ ಮತ್ತು ಬಳ್ಳಾರಿ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. ಈ ಬರದ ನಾಡಿಗೆ ತುಂಗಭದ್ರೆಯ ನೀರು ಹರಿಸುವ ಬೃಹತ್ ಯೋಜನೆಯನ್ನು ಕಾಟನ್ ರೂಪಿಸಿದರು. ಅದರ ಜಾರಿಗೆಂದು 1858ರಲ್ಲಿ ಲಂಡನ್‌ನಲ್ಲಿ ಮದ್ರಾಸ್ ಇರಿಗೇಶನ್ ಕಂಪನಿ ಸ್ಥಾಪನೆಯಾಯಿತು. ಹತ್ತು ಲಕ್ಷ ಪೌಂಡ್ ಬಂಡವಾಳಕ್ಕೆ ಸರ್ಕಾರ ಶೇ 5ರ ಬಡ್ಡಿಯ ಖಾತರಿ ನೀಡಿತು. ಕರ್ನೂಲಿನ ಮೇಲ್ಭಾಗದ ಸುಂಕೇಶುಲದಲ್ಲಿ ಒಡ್ಡು ಕಟ್ಟಿ ಕಡಪದವರೆಗೆ ಕಾಲುವೆ ತೋಡಲಾಯಿತು. 1871ರಲ್ಲಿ ಕಾಲುವೆ ಮುಗಿಯುವ ಹೊತ್ತಿಗೆ ಹಣ ಬರಿದಾಗಿತ್ತು. ಮೂಲ ಯೋಜನೆಯ ಉಳಿದ ಭಾಗಗಳು ಕಾಗದದಲ್ಲಿಯೇ ಉಳಿದವು.

ಅದಕ್ಕಿಂತ ದೊಡ್ಡ ಪೆಟ್ಟು ರೈತರಿಂದ ಬಂದಿತು. ಎರೆ ಭೂಮಿಯಲ್ಲಿ ಜೋಳ, ಹತ್ತಿ ಬೆಳೆಯುತ್ತಿದ್ದವರಿಗೆ ಮಳೆ ಬಂದ ವರ್ಷ ಕಾಲುವೆಯ ನೀರು ಬೇಕಿರಲಿಲ್ಲ. ಅದರ ಕಂದಾಯವಂತೂ ಬೇಡವೇ ಬೇಡ. ಗೋದಾವರಿಯ ಭತ್ತದ ಸೀಮೆಯ ಲೆಕ್ಕವನ್ನು ಕಾಟನ್ ಬೇರೊಂದು ಮಣ್ಣಿಗೆ ಹಾಕಿದ್ದರು. ನಷ್ಟದಲ್ಲಿದ್ದ ಕಾಲುವೆಯನ್ನು ಸರ್ಕಾರ 1882ರಲ್ಲಿ ಕೊಂಡುಕೊಂಡಿತು. ಒರಿಸ್ಸಾದ ಮಹಾನದಿಯಲ್ಲಿಯೂ ಅವರ ಸಲಹೆಯ ಮೇಲೆ ಹುಟ್ಟಿದ ಕಂಪನಿಯೊಂದು ಹೀಗೆಯೇ ಮುಗ್ಗರಿಸಿ ಸರ್ಕಾರದ ಪಾಲಾಯಿತು. ಖರ್ಚನ್ನು ಕಡಿಮೆ ಅಂದಾಜು ಮಾಡುವುದು, ಆದಾಯವನ್ನು ಹೆಚ್ಚು ನಿರೀಕ್ಷಿಸುವುದು ಕಾಟನ್ ಅವರ ದೊಡ್ಡ ದೌರ್ಬಲ್ಯವಾಗಿತ್ತು.

ವಿರೋಧಿಗಳನ್ನು ಸಂಪಾದಿಸುವುದರಲ್ಲಿಯೂ ಅವರು ಹಿಂದೆ ಬಿದ್ದವರಲ್ಲ. ಉತ್ತರ ಭಾರತದಲ್ಲಿ ಗಂಗಾ ನಾಲೆ ನಿರ್ಮಿಸಿದ ಪ್ರಾಬಿ ಕಾಟ್ಲಿ ಕೂಡ ಅವರಂತೆಯೇ ಕಂಪನಿ ಸೇನೆಯಿಂದ ಬಂದ ಎಂಜಿನಿಯರ್. ನಾಲೆಯ ತಲೆಯನ್ನು ಹರಿದ್ವಾರದಷ್ಟು ಮೇಲೆ ಇಟ್ಟದ್ದು ತಪ್ಪು, ತಳದ ಇಳಿಜಾರು ಹೆಚ್ಚಾಯಿತು ಎಂದು ಕಾಟನ್ 1860ರ ದಶಕದಲ್ಲಿ ಬಹಿರಂಗ ಟೀಕೆಗಿಳಿದರು. ಕಾಟ್ಲಿ ಅಷ್ಟೇ ಖಾರವಾಗಿ ಉತ್ತರಿಸಿದರು. ಇಳಿಜಾರಿನ ವಿಷಯದಲ್ಲಿ ಕಾಟನ್ ಮಾತಿನಲ್ಲಿ ಹುರುಳಿತ್ತು. ನಾಲೆಯ ತಳ ಕೊರೆಯುತ್ತಿದ್ದುದು ನಿಜ. ಆದರೆ ಹೇಳಿದ ರೀತಿ ಅವರಿಗೆ ಮಿತ್ರರನ್ನು ತಂದುಕೊಡಲಿಲ್ಲ.

ಧಾತು ಈಶ್ವರದ ಕ್ಷಾಮ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಕಾಡಿದ ಮಹಾಕ್ಷಾಮ ಹಳೆಯ ಮೈಸೂರು ಸೀಮೆಯಲ್ಲಿ ಧಾತು ಈಶ್ವರದ ಬರ ಎಂದು ನೆನಪಿನಲ್ಲಿ ಉಳಿದಿದೆ. ಮದ್ರಾಸ್, ಮೈಸೂರು, ಮುಂಬೈ ಪ್ರಾಂತ್ಯಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು 10 ಲಕ್ಷ ಜನ ಇಲ್ಲವಾದರು. ಬಳ್ಳಾರಿ, ಕರ್ನೂಲು, ಕಡಪ ಜಿಲ್ಲೆಗಳು ಅತಿ ಹೆಚ್ಚು ನರಳಿದವು. ಕಾಟನ್ ನೀರು ಹರಿಸಬೇಕೆಂದಿದ್ದ ಸೀಮೆಯೇ ಅದು. ಗೋದಾವರಿ, ಕೃಷ್ಣಾ, ಕಾವೇರಿ ಮುಖಜಭೂಮಿಗಳಲ್ಲಿ ಮಾತ್ರ ಬೆಳೆ ಇತ್ತು. ಅಲ್ಲಿಂದ ಹೊರಗೂ ಧಾನ್ಯ ಹೋಯಿತು.

ಆಗ ಕಾಟನ್ ಅವರಿಗೆ 74 ವರ್ಷ. ಅವರು ಸುಮ್ಮನಿರಲಿಲ್ಲ. ರೈಲು ಧಾನ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಬಲ್ಲದೇ ಹೊರತು ಬೆಳೆಯಲಾರದು. ಕಾಲುವೆ ಬೆಳೆಯನ್ನೂ ಕೊಡುತ್ತದೆ, ರೈಲಿಗಿಂತ ಅಗ್ಗದ ಸಾರಿಗೆಯನ್ನೂ ಕೊಡುತ್ತದೆ ಎಂಬುದು ಅವರ ವಾದ. ರೈಲಿಗೆ ಸುರಿದ ಕೋಟ್ಯಂತರ ಪೌಂಡ್‌ಗಳಲ್ಲಿ ಒಂದು ಭಾಗ ನೀರಾವರಿಗೆ ಬಂದಿದ್ದರೆ ಈ ಸಾವುಗಳು ತಪ್ಪುತ್ತಿದ್ದವು ಎಂದು ಅವರು ಸಭೆಗಳಲ್ಲಿ, ಲೇಖನಗಳಲ್ಲಿ ಹೇಳಿದರು. ಸಂಸತ್ ಸದಸ್ಯ ಜಾನ್ ಬ್ರೈಟ್ ಅವರ ಪರ ಮಾತನಾಡಿದರು. ಫ್ಲಾರೆನ್ಸ್ ನೈಟಿಂಗೇಲ್ ಅವರೊಂದಿಗೆ ಪತ್ರ ವ್ಯವಹಾರ ನಡೆಸಿ ನೀರಾವರಿಯ ಪರ ದನಿಗೂಡಿಸಿದರು.

1878ರಲ್ಲಿ ಬ್ರಿಟಿಷ್ ಸಂಸತ್ತು ಭಾರತದ ಸಾರ್ವಜನಿಕ ಕಾಮಗಾರಿಗಳ ವಿಚಾರಣೆಗೆ ಆಯ್ಕೆ ಸಮಿತಿಯೊಂದನ್ನು ನೇಮಿಸಿತು. ಲಾರ್ಡ್ ಜಾರ್ಜ್ ಹ್ಯಾಮಿಲ್ಟನ್ ಅಧ್ಯಕ್ಷರು. ಕಾಟನ್ ಸಾಕ್ಷಿ ನುಡಿದರು. ಮದ್ರಾಸ್ ಕಂಪನಿಯ, ಒರಿಸ್ಸಾದ ನಷ್ಟದ ಲೆಕ್ಕಗಳು ಅವರ ಮುಂದೆ ಬಂದವು. ಅವರ ಬೃಹತ್ ಯೋಜನೆಗಳನ್ನು ಸಮಿತಿ ಒಪ್ಪಲಿಲ್ಲ. ನದಿಗಳನ್ನು ಬೆಸೆದು ದೇಶದ ಉದ್ದಗಲಕ್ಕೂ ದೋಣಿ ಮಾರ್ಗ ನಿರ್ಮಿಸುವ ಅವರ ಕನಸು ಅಲ್ಲಿಗೆ ನಿಂತಿತು. 1972ರಲ್ಲಿ ಕೆ.ಎಲ್. ರಾವ್ ಗಂಗಾ–ಕಾವೇರಿ ಜೋಡಣೆಯನ್ನು ಪ್ರಸ್ತಾಪಿಸಿದಾಗ, ನಂತರದ ನದಿ ಜೋಡಣೆ ಚರ್ಚೆಗಳಲ್ಲಿಯೂ ಕಾಟನ್ ಹೆಸರು ಮತ್ತೆ ಕೇಳಿಬಂದಿತು. ಆದರೆ ಕಾಟನ್ ಮನಸ್ಸಿನಲ್ಲಿದ್ದದ್ದು ಮುಖ್ಯವಾಗಿ ಜಲಸಾರಿಗೆ ಎಂಬುದನ್ನು ಆ ಚರ್ಚೆಗಳು ಹಲವು ಬಾರಿ ಮರೆಯುತ್ತವೆ.

ಡಾರ್ಕಿಂಗ್‌ನ ತೋಟದಲ್ಲಿ

ಸೇನೆಯಲ್ಲಿ 1876ರಲ್ಲಿ ಜನರಲ್ ಹುದ್ದೆಗೇರಿದ ಕಾಟನ್ ಮರುವರ್ಷ ಅಲ್ಲಿಂದಲೂ ನಿವೃತ್ತರಾದರು. ಲಂಡನ್‌ನ ದಕ್ಷಿಣಕ್ಕಿರುವ ಡಾರ್ಕಿಂಗ್ ಪಟ್ಟಣದಲ್ಲಿ ಕುಟುಂಬ ನೆಲೆಸಿತು. ದೈವಭಕ್ತಿ, ಸರಳ ಜೀವನ ಈ ಮನೆಯ ಲಕ್ಷಣಗಳಾಗಿದ್ದವು. ಮದುವೆಯ ಹೊಸತರಲ್ಲಿಯೇ ಗಂಡನೊಂದಿಗೆ ಬಿಸಿಲು ಜ್ವರಗಳ ನಾಡಿಗೆ ಬಂದ ಎಲಿಜಬೆತ್, ಅವರ ದೀರ್ಘ ವಿಶ್ರಾಂತ ಜೀವನದಲ್ಲಿಯೂ ಜೊತೆಗಿದ್ದರು. ಮಗಳು ಎಲಿಜಬೆತ್ ಡಾರ್ಕಿಂಗ್‌ನಲ್ಲಿ ಕುಡಿತದ ಚಟದಿಂದ ದುಡಿಯುವ ಜನರನ್ನು ಬಿಡಿಸಲು ಕಾಫಿ ಮಂದಿರ ತೆರೆದು ಹೆಸರಾದರು. 1877ರಲ್ಲಿ ಅಡ್ಮಿರಲ್ ಜೇಮ್ಸ್ ಹೋಪ್ ಅವರನ್ನು ವಿವಾಹವಾದ ಬಳಿಕ ಲೇಡಿ ಹೋಪ್ ಎಂದು ಪ್ರಸಿದ್ಧರಾದರು.

ಇಳಿವಯಸ್ಸಿನಲ್ಲಿಯೂ ಕಾಟನ್ ಅವರ ಕೈ ಸುಮ್ಮನಿರಲಿಲ್ಲ. 1876ರಲ್ಲಿ ಅರಬಿ ಭಾಷೆ ಕಲಿಯುವವರಿಗಾಗಿ ಪುಟ್ಟ ಬಾಲಬೋಧೆಯೊಂದನ್ನು ಪ್ರಕಟಿಸಿದರು. ಮನೆಯ ತೋಟದಲ್ಲಿ ಮಣ್ಣನ್ನು ಆಳವಾಗಿ ಅಗೆದು ಗೋಧಿ ಬೆಳೆಯುವ ಪ್ರಯೋಗಗಳನ್ನು ಮಾಡಿದರು. ಚಿಕ್ಕ ಹಿಡುವಳಿಯಲ್ಲಿ ಹೆಚ್ಚು ಫಸಲು ತೆಗೆಯುವುದು ಹೇಗೆ ಎಂಬುದು ಅವರ ಕಡೆಗಾಲದ ಚಿಂತೆಯಾಗಿತ್ತು. 1899ರ ಜುಲೈ 24ರಂದು, 96ನೇ ವಯಸ್ಸಿನಲ್ಲಿ, ಡಾರ್ಕಿಂಗ್‌ನಲ್ಲಿ ಅವರು ಕೊನೆಯುಸಿರೆಳೆದರು. ಅಲ್ಲಿಯೇ ಅವರ ಸಮಾಧಿ ಇದೆ. ಮರುವರ್ಷ ಮಗಳು ತಂದೆಯ ಜೀವನ ಚರಿತ್ರೆಯನ್ನು ಪ್ರಕಟಿಸಿದರು. ದಕ್ಷಿಣ ಭಾರತದ ಕ್ಷಾಮವನ್ನು ಕಣ್ಣಾರೆ ಕಂಡು ಗ್ರಂಥ ಬರೆದ ಪತ್ರಕರ್ತ ವಿಲಿಯಂ ಡಿಗ್ಬಿ ಅದಕ್ಕೆ ಕ್ಷಾಮ ನಿವಾರಣೆಯ ಕುರಿತು ಅಧ್ಯಾಯವೊಂದನ್ನು ಬರೆದುಕೊಟ್ಟರು.

ಉಳಿದ ಲೆಕ್ಕ

ಕಾಟನ್ ಅವರನ್ನು ದೇವರಾಗಿಸುವುದು ಸುಲಭ. ವಸಾಹತುಶಾಹಿಯ ನೌಕರ ಎಂದು ತಳ್ಳಿಹಾಕುವುದೂ ಸುಲಭ. ಅವರು ಕಂಪನಿಯ ಸೈನಿಕರಾಗಿ ಬರ್ಮಾದಲ್ಲಿ ಹೋರಾಡಿದವರು. ಅವರು ಕಟ್ಟಿದ ಒಡ್ಡುಗಳಿಂದ ಆಳುವವರ ಬೊಕ್ಕಸಕ್ಕೆ ಕಂದಾಯ ಹರಿದು ಬಂದದ್ದು ನಿಜ. ಆ ಲಾಭವನ್ನು ತೋರಿಸಿಯೇ ಅವರು ಮಂಜೂರಾತಿ ಪಡೆಯುತ್ತಿದ್ದರು. ಆದರೆ ಬರದಿಂದ ಸತ್ತವರ ಸಂಖ್ಯೆಯನ್ನು ಆಡಳಿತದ ತಪ್ಪಿನ ಲೆಕ್ಕಕ್ಕೆ ಬರೆದು, ಅದನ್ನು ಲಂಡನ್‌ನಲ್ಲಿಯೇ ನಿಂತು ಹೇಳಿದ ಅಧಿಕಾರಿಗಳು ಆ ಕಾಲದಲ್ಲಿ ಹೆಚ್ಚಿರಲಿಲ್ಲ.

ತುಂಗಭದ್ರೆಯ ಮಟ್ಟಿಗೆ ಕಾಲ ಅವರ ಪರವಾಗಿಯೇ ತೀರ್ಪು ನೀಡಿತು, ಆದರೆ ತಡವಾಗಿ. ಮದ್ರಾಸ್ ಮತ್ತು ಹೈದರಾಬಾದ್ ಸರ್ಕಾರಗಳು 1944ರಲ್ಲಿ ಒಪ್ಪಂದಕ್ಕೆ ಬಂದು, 1945ರಲ್ಲಿ ಹೊಸಪೇಟೆಯ ಬಳಿ ಅಡಿಗಲ್ಲು ಹಾಕಿದವು. 1953ರಲ್ಲಿ ಜಲಾಶಯ ಸಿದ್ಧವಾಯಿತು. ನಷ್ಟದ ಬಾಬತ್ತು ಎನಿಸಿದ್ದ ಕರ್ನೂಲು–ಕಡಪ ಕಾಲುವೆಗೆ ಬಚಾವತ್ ನ್ಯಾಯಮಂಡಳಿ 39.9 ಟಿಎಂಸಿ ಅಡಿ ನೀರನ್ನು ಕಾಯ್ದಿರಿಸಿತು. ಇಂದು ಅದರ ಹನಿಹನಿಗೂ ಬೇಡಿಕೆ ಇದೆ. ಕಾಟನ್ ಯೋಜನೆ ರೂಪಿಸಿದ್ದು 1860ರ ಆಸುಪಾಸಿನಲ್ಲಿ, ಜಲಾಶಯ ತುಂಬಿದ್ದು 1953ರಲ್ಲಿ. ನಡುವಿನ ತೊಂಬತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಬಳ್ಳಾರಿ ಸೀಮೆ ಕಂಡ ಬರಗಳ ಲೆಕ್ಕ ಮಾತ್ರ ಯಾವ ಕಂಪನಿಯ ಪುಸ್ತಕದಲ್ಲಿಯೂ ಜಮೆಯಾಗಲಿಲ್ಲ.